ಮಲಗಿಕೊಂಡೇ 60 ದಿನ
60 ದಿನ ನಾನು ನೆಲಕ್ಕೆ ಕಾಲೂರಲಿಲ್ಲ. ಕಾಯಿಲೆಯೇನಲ್ಲ, ನಾನೇ ಒಪ್ಪಿ ಮಲಗಿದ್ದು. ಗಗನಯಾತ್ರಿಗಳ ಸ್ನಾಯು ಹೇಗೆ ಸೊರಗುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ಭೂಮಿಯ ಮೇಲೇ ನೋಡಲು ಹೀಗೆ ಜನರನ್ನು ಮಲಗಿಸುತ್ತಾರೆ. ಮಂಚದ ತಲೆಭಾಗ 6 ಡಿಗ್ರಿ ಕೆಳಗೆ. ದಿಂಬಿಲ್ಲ. ಊಟ, ಸ್ನಾನ, ಶೌಚ ಎಲ್ಲ ಮಲಗಿದಲ್ಲೇ.

ಮೊದಲ ವಾರ ಮುಖ ಊದಿತು, ಮೂಗು ಕಟ್ಟಿತು, ಸೊಂಟ ಹಿಡಿದುಕೊಂಡಿತು. ಕಾಲಲ್ಲಿರಬೇಕಾದ ರಕ್ತ, ನೀರು ತಲೆ ಕಡೆ ಸರಿದರೆ ಹೀಗೇ. ಬಾಹ್ಯಾಕಾಶದಲ್ಲೂ ಇದೇ ಪಾಡು.

ನಾನಿದ್ದದ್ದು ವ್ಯಾಯಾಮದ ಗುಂಪಿನಲ್ಲಿ. ಸುಮ್ನೆ ಮಲಗುವ ಇನ್ನೊಂದು ಗುಂಪೂ ಇತ್ತು. ಮೊದಮೊದಲು ಅವರನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು! ಜಾರುವ ಹಲಗೆ ಮೇಲೆ ಮಲಗಿ, ಹೆಗಲಿಗೆ ಪಟ್ಟಿ ಬಿಗಿದುಕೊಂಡು, ಎದುರಿನ ತಟ್ಟೆಯನ್ನು ಕಾಲಲ್ಲಿ ಒತ್ತಬೇಕು. ಪಟ್ಟಿ ಕೂತ ಜಾಗದಲ್ಲಿ ಚರ್ಮ ಕೆಂಪಾಗಿ ಬರೆ ಎದ್ದಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಟ್ರೆಡ್‌ಮಿಲ್‌ನಲ್ಲೂ ಓಡುವವರನ್ನು ಪಟ್ಟಿ ಹಾಕಿಯೇ ಕೆಳಕ್ಕೆ ಎಳೆದು ಹಿಡಿಯುತ್ತಾರೆ. ಅಲ್ಲಿನ ಭಾರ ಎತ್ತುವ ಯಂತ್ರದಲ್ಲಿ ಕಬ್ಬಿಣದ ಪ್ಲೇಟ್ ಬದಲು ನಿರ್ವಾತ ಸಿಲಿಂಡರ್, ಅಂದರೆ ಒಳಗೆ ಗಾಳಿಯಿಲ್ಲದ ಕೊಳವೆ; ಎಳೆದರೆ ಅದು ವಾಪಸ್ ಎಳೆಯುತ್ತದೆ. ತೂಕವೇ ಇಲ್ಲದ ಕಡೆ ಪ್ಲೇಟ್ ಯಾವ ಕೆಲಸಕ್ಕೆ, ಅಲ್ವಾ? ಗಗನಯಾತ್ರಿಗಳಿಗೆ ದಿನಕ್ಕೆ ಸುಮಾರು 2 ಗಂಟೆ ಇದೇ ಕೆಲಸ.

ನಮಗೆ ತೊಡೆಗಿಂತ ಮೀನಖಂಡಕ್ಕೇ ಜಾಸ್ತಿ ಕಸರತ್ತು. ನಿಂತಾಗೆಲ್ಲ ನಮಗೆ ಗೊತ್ತಾಗದಂತೆ ದುಡಿಯುವುದು ಅದು. ಕೆಲಸ ತಪ್ಪಿದರೆ ಬೇಗ ಕರಗುವುದೂ ಅದೇ. ಹಿಮ್ಮಡಿ ಎತ್ತುವುದು ಸುಲಭ, ನಿಧಾನಕ್ಕೆ ಇಳಿಸುವುದೇ ಕಷ್ಟ. ನಾನು ಇಳಿಸುವಾಗ ಕಳ್ಳಾಟ ಆಡುತ್ತಿದ್ದೆ. "ಇಳಿಸೋದನ್ನೂ ಲೆಕ್ಕ ಹಾಕ್ತೀನಿ, ಸಾರ್" ಎಂದು ತರಬೇತುದಾರ ಮತ್ತೆ ಒಂದರಿಂದ ಎಣಿಸುತ್ತಿದ್ದ.

ಕೊನೆಗೆ ಎಬ್ಬಿಸಿ ನಿಲ್ಲಿಸಿದರು. ಎದೆ ಡವಡವ. ಅಂಗಾಲಿಗೆ ಮುಳ್ಳು ಚುಚ್ಚಿದ ಹಾಗೆ. ಕಾಲಿನ ಬಲ ಅಳೆದರೆ ಹೆಚ್ಚೇನೂ ಇಳಿದಿರಲಿಲ್ಲ. ನಾನು ಬೀಗಿದೆ. ಆಮೇಲೆ ಕಣ್ಣು ಮುಚ್ಚಲು ಹೇಳಿದರು. ಮುಚ್ಚಿದ್ದಷ್ಟೇ ಗೊತ್ತು, ತರಬೇತುದಾರನ ತೋಳಿನ ಮೇಲಿದ್ದೆ.

ಸ್ನಾಯು ಉಳಿದಿತ್ತು, ಅದನ್ನು ಆಡಿಸುವ ನರಗಳಿಗೆ ಅಭ್ಯಾಸ ತಪ್ಪಿತ್ತು. ಕಣ್ಣು ಮುಚ್ಚಿದಾಗ ಅಂಗಾಲು, ಪಾದದ ಕೀಲು, ಒಳಕಿವಿಯಂಥವು ಕಳಿಸುವ ಸುದ್ದಿ ಸೇರಿಸಿಯೇ ದೇಹ ನೆಟ್ಟಗೆ ನಿಲ್ಲುತ್ತದೆ. ತಟ್ಟೆ ಒತ್ತುವಾಗ ಬೀಳುವ ಭಯವೇ ಇಲ್ಲ, ಹಾಗಾಗಿ ಆ ಲೆಕ್ಕಾಚಾರಕ್ಕೆ ಕೆಲಸವೇ ಸಿಕ್ಕಿರಲಿಲ್ಲ. ಬರೀ ಭಾರ ಒತ್ತಿಸಿದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ವಾಪಸಾದ ಗಗನಯಾತ್ರಿಗಳೂ ತಿರುವಿನಲ್ಲಿ ತೂರಾಡುವುದುಂಟು.

ಮೆತ್ತನೆ ಸ್ಪಂಜಿನ ಮೇಲೆ ಒಂಟಿ ಕಾಲಲ್ಲಿ ನಿಂತು ಚೆಂಡು ಹಿಡಿಯುವುದು ಮುಂದಿನ ದಿನಗಳ ಪಾಠವಾಯಿತು. ಐದನೇ ದಿನ ಕಣ್ಣು ಮುಚ್ಚಿ 30 ಸೆಕೆಂಡ್ ನಿಂತೆ. ಮೆಟ್ಟಿಲು ಇಳಿಯುವಾಗ ಮಾತ್ರ ಇನ್ನೂ ಎರಡು ವಾರ ಕಟಾಂಜನ ಬಿಡಲಿಲ್ಲ.