ಎರಡನೇ ಸಲ ಕೂರ್ಮಗಡ

ಮೊದಲ ಸಲ ಕಾರವಾರದ ಹತ್ತಿರದ ಕೂರ್ಮಗಡ ನಡುಗಡ್ಡೆಗೆ ಹೋದಾಗ ನನಗೆ ಸಿಕ್ಕಿದ್ದು ಬಿಸಿಲು, ತಲೆನೋವು ಎರಡೇ. ಶಿರಸಿಯಿಂದ ಹೊರಟು, ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟುವಾಗಲೇ ಹನ್ನೊಂದೂವರೆ. ದೋಣಿಯವನು ಡಾಲ್ಫಿನ್ ತೋರಿಸ್ತೇನೆ ಅಂತ ಇಂಜಿನ್ ಜೋರು ಮಾಡಿ ಅಟ್ಟಿಸಿಕೊಂಡು ಹೋದ. ದೂರದಲ್ಲಿ ಒಂದು ಬೆನ್ನು ಕಂಡ ಹಾಗಾಯ್ತು, ಅಷ್ಟೇ. ಘಟ್ಟದ ಮೇಲಿನವರಿಗೆ ಕಾಡಿನಲ್ಲಿ ಗಲಾಟೆ ಮಾಡಿದರೆ ಮಂಗಟ್ಟೆ ಹಕ್ಕಿಯೂ ಕಾಣುವುದಿಲ್ಲ ಅಂತ ಗೊತ್ತು. ಸಮುದ್ರಕ್ಕೂ ಅದೇ ಲೆಕ್ಕ ಅಂತ ಆಗ ಹೊಳೆಯಲಿಲ್ಲ ನೋಡಿ.

ಈ ಸಲ ಫೆಬ್ರವರಿಯಲ್ಲಿ ಹೋದೆ. ಹಿಂದಿನ ರಾತ್ರಿ ಕಾರವಾರದಲ್ಲೇ ಉಳಿದೆ. ದಿನ ಆರಿಸಿದ್ದು ಪಂಚಾಂಗ ನೋಡಿ. ಮುಹೂರ್ತಕ್ಕಲ್ಲ, ನೀರಿಗೆ! ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ ಜಾಸ್ತಿ ಏರುತ್ತದೆ, ಇಳಿತವೂ ಜಾಸ್ತಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಕಳೆದು ಮೂರನೇ ದಿನ ಬೆಳಿಗ್ಗೆ ಏಳೂವರೆ ಹೊತ್ತಿಗೆ ನೀರು ಇಳಿದಿರುತ್ತದೆ ಅಂತ ದೋಣಿಯವನೂ ಹೇಳಿದ. ಆರೂವರೆಗೆ ಹೊರಟೆವು. ನಾನು, ಅಕ್ಕ, ಅಕ್ಕನ ಮಗಳು. ಲೈಫ್ ಜಾಕೆಟ್ ಇಲ್ಲದೆ ನಾನು ಹತ್ತುವುದಿಲ್ಲ. 2019ರ ಜನವರಿಯಲ್ಲಿ ಇದೇ ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ ಜನ ಸತ್ತಿದ್ದನ್ನು ಈ ಜಿಲ್ಲೆಯವರು ಮರೆಯುವುದು ಕಷ್ಟ.

ಕಾಳಿ ನದಿ ಸಮುದ್ರ ಸೇರುವ ಕಡೆ ಇಂಜಿನ್ ಬಂದ್ ಮಾಡಿ ಅಂದೆ. ದೋಣಿಯವನಿಗೆ ಖುಷಿಯೇ ಆಯ್ತು, ಡೀಸೆಲ್ ಉಳೀತಲ್ವಾ. ಇಲ್ಲಿನದು ಗೂನು ಬೆನ್ನಿನ ಡಾಲ್ಫಿನ್. ಆಳ ಸಮುದ್ರಕ್ಕಿಂತ ದಡದ ಹತ್ತಿರ, ಹೊಳೆ ಬಾಯಿಯ ಕಡೆ ಇರುವುದೇ ಅದಕ್ಕೆ ಇಷ್ಟ, ಮೀನು ಸಿಗುತ್ತದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಬೆನ್ನ ಹಿಂದೆ 'ಫುಸ್' ಅಂತ ಉಸಿರು. ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕಿತು! ತಿರುಗಿದರೆ ಬೂದು ಬಣ್ಣದ ಬೆನ್ನು, ಪಕ್ಕದಲ್ಲಿ ಇನ್ನೊಂದು ಚಿಕ್ಕದು. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಎರಡೂ ಮುಳುಗಿದವು. ಬೇಜಾರಾಗಲಿಲ್ಲ.

ನಡುಗಡ್ಡೆಗೆ ಆಮೆಯ ಆಕಾರ, ಅದಕ್ಕೇ ಕೂರ್ಮಗಡ. ಮೊಣಕಾಲು ನೀರಿಗೆ ಇಳಿದು ಮರಳು ಹತ್ತಿದೆವು. ಮರಳ ತುಂಬ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಉಂಡೆಗಳು. ಪುಟಾಣಿ ಏಡಿಗಳು ಮರಳು ಬಾಯಿಗೆ ಹಾಕಿ, ತಿನ್ನುವುದು ತಿಂದು, ಉಳಿದದ್ದು ಉಂಡೆ ಕಟ್ಟಿ ಬಿಸಾಕುತ್ತವೆ. ನಡೆದರೆ ಒಂದೂ ಕಾಣುವುದಿಲ್ಲ, ಎಲ್ಲ ಬಿಲದೊಳಗೆ. ಟವೆಲ್ ಹಾಸಿ ಸುಮ್ನೆ ಕೂತೆ. ಐದಾರು ನಿಮಿಷಕ್ಕೆ ಮೊದಲು ಕಣ್ಣು, ಆಮೇಲೆ ಕಾಲು, ಆಮೇಲೆ ಇಡೀ ಮರಳೇ ಓಡಾಡತೊಡಗಿತು. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಹಾದುಹೋಯಿತು. ಉಗುರಲ್ಲಿ ಉದ್ದಕ್ಕೆ ಏನೋ ತೂಗಾಡುತ್ತಿತ್ತು. ಸಮುದ್ರದ ಹಾವು ಅಂದ ದೋಣಿಯವನು. ಗುಡಿ, ಕೋಟೆಯ ಉಳಿಕೆ ಎಲ್ಲ ಆಮೇಲೆ ನೋಡಿದೆವು. ಆದರೆ ನನ್ನ ಅರ್ಧ ದಿನ ಆ ಮರಳಲ್ಲೇ ಹೋಯಿತು.

ಒಂದು ತಪ್ಪು ಮಾಡಿದೆ. ಬರಿಗಾಲಲ್ಲಿ ಬಂಡೆ ಹತ್ತಿದೆ. ಇಳಿತಕ್ಕೆ ಹೊರಬಿದ್ದ ಕಲಗದ (ಬಂಡೆಗೆ ಅಂಟುವ ಸಿಂಪಿ) ಚಿಪ್ಪು ಬ್ಲೇಡಿನ ಹಾಗೆ ಹೆಬ್ಬೆರಳು ಸೀಳಿತು. ಹಳೇ ಶೂ ಒಂದು ಜೊತೆ ಸಾಕಿತ್ತು.

ಬರುವಾಗ ದೇವಬಾಗ ಬೀಚಿನ ಕಡೆ ಬಲೆ ಸುತ್ತಿದ ಮರಳಗುಡ್ಡೆ ತೋರಿಸಿದ ದೋಣಿಯವನು. "ಕಾಸವ್," ಅಂದ. ಅಂದರೆ ಕಡಲಾಮೆ. ಗುಡ್ಡೆಯೊಳಗೆ ಅದರ ಮೊಟ್ಟೆ. ರಾತ್ರಿ ಬಂದು ಒಂದೇ ಗುಂಡಿಯಲ್ಲಿ ನೂರರ ಆಸುಪಾಸು ಇಟ್ಟು ಹೋಗುತ್ತವೆ, ಮರಿ ಹೊರಬರಲು ಒಂದೂವರೆ ಎರಡು ತಿಂಗಳು. ದೂರದಿಂದಲೇ ನೋಡಿದೆವು.

ಅಷ್ಟರಲ್ಲಿ ಅಕ್ಕನ ಮಗಳು ಚೀರಿದಳು. ಕದ್ದು ಚೀಲದಲ್ಲಿಟ್ಟುಕೊಂಡಿದ್ದ ಶಂಖ ನಡೆಯತೊಡಗಿತ್ತು, ಒಳಗೆ ಸನ್ಯಾಸಿ ಏಡಿ. ದೋಣಿಯವನು ಒಂದು ಮಾತೂ ಆಡದೆ ಕೂರ್ಮಗಡದ ಕಡೆ ದೋಣಿ ತಿರುಗಿಸಿದ. ಹೆಚ್ಚಿನ ಡೀಸೆಲ್ ದುಡ್ಡು ನಾನೇ ಕೊಟ್ಟೆ.