ಜಮೀನಲ್ಲಿ ಹಕ್ಕಿ, ಹುಳ, ಕಾಡುಗಿಡಗಳಿಗೆ ಜಾಗ ಬಿಡೋದು ಹೇಗೆ

ಜಮೀನಿನ ಒಂದು ಭಾಗ ಕಾಡುಜೀವಿಗಳಿಗೆ ಬಿಡೋಣ ಅಂದ್ಕೊಂಡೋರು ಮೊದ್ಲು ಮಾಡೋದೇ ನರ್ಸರಿಗೆ ಓಡಿ ನೂರಾರು ಸಸಿ ತಂದು ಸಾಲಾಗಿ ನೆಡೋದು. ಸ್ವಲ್ಪ ತಡೀರಿ. ಒಂದು ವರ್ಷ ಸುಮ್ನೆ ನೋಡಿ, ನೀರು ಎಲ್ಲಿ ನಿಲ್ಲುತ್ತೆ, ಏನೇನು ತಾನಾಗೇ ಹುಟ್ಟುತ್ತೆ, ಯಾವ ಹೂವಿಗೆ ಯಾವ ಹುಳ ಬರುತ್ತೆ ಅಂತ. ಎಷ್ಟೋ ಕಡೆ ಮಣ್ಣಲ್ಲೇ ಬೀಜ, ಬೇರು ಇರುತ್ತೆ, ಉಳೋದು ಮೇಯಿಸೋದು ನಿಂತ್ರೆ ಅವೇ ಏಳ್ತವೆ. ಮತ್ತೆ ಹುಲ್ಲುಗಾವಲನ್ನ ಖಾಲಿ ಜಾಗ ಅಂತ ಮರ ತುಂಬಿಸಬೇಡಿ, ನೆಲದ ಮೇಲೆ ಮೊಟ್ಟೆ ಇಡೋ ಹಕ್ಕಿಗಳಿಗೆ ಆ ಬಯಲೇ ಬೇಕು.

ಕೈ ಹಾಕಲೇಬೇಕಾದ ಮೊದಲ ಕೆಲಸ ಹೊರಗಿಂದ ಬಂದ ಕಳೆ ತೆಗೆಯೋದು. ಲಂಟಾನ ತಗೊಳ್ಳಿ, ಅಮೆರಿಕ ಖಂಡದ ಗಿಡ, ಚಂದಕ್ಕೆ ಅಂತ ತಂದಿದ್ದು ಈಗ ಎಷ್ಟೋ ದೇಶಗಳಲ್ಲಿ ಹಬ್ಬಿದೆ. ಮೇಲಿಂದ ಸವರಿದ್ರೆ ಮತ್ತೆ ಇನ್ನೂ ದಟ್ಟವಾಗಿ ಚಿಗುರುತ್ತೆ, ಸುಟ್ರೂ ಅಷ್ಟೇ. ಬುಡದ ಮಣ್ಣು ಸರಿಸಿ, ಮಣ್ಣಿಂದ ಸುಮಾರು 3-5 ಸೆಂ.ಮೀ. ಕೆಳಗೆ ತಾಯಿಬೇರು ಕಡಿದು, ಪೊದೆ ಎತ್ತಿ ತಲೆಕೆಳಗಾಗಿ ಇಡಿ, ಬೇರು ಮಣ್ಣಿಗೆ ತಾಗದೆ ಒಣಗುತ್ತೆ. ಆದ್ರೆ ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸ್ತಾನೇ ಇರ್ತವೆ, ಹಾಗಾಗಿ ಮುಂದಿನ ಮಳೆಗಳಲ್ಲಿ ಹುಟ್ಟೋ ಮರಿಗಿಡ ಕೀಳ್ತಾ ಇರಬೇಕು, ತೆರವಾದ ನೆಲಕ್ಕೆ ಬೇಗ ಸ್ಥಳೀಯ ಹುಲ್ಲಿನ ಬೀಜ ಚೆಲ್ಲಬೇಕು. ಒಂದೇ ಸಲ ಎಲ್ಲಾ ಬೋಳಿಸಬೇಡಿ, ಅದರೊಳಗೆ ಗೂಡು ಇದ್ದಿರಬಹುದು, ತುಂಡು ತುಂಡಾಗಿ ತೆಗೀರಿ.

ಸ್ಥಳೀಯ ಗಿಡವೇ ಯಾಕೆ ಅಂದ್ರೆ, ಬಹಳಷ್ಟು ಕಂಬಳಿಹುಳಗಳು ಕಂಡಕಂಡ ಎಲೆ ತಿನ್ನಲ್ಲ. ಅಮೆರಿಕದ ಮೊನಾರ್ಕ್ ಚಿಟ್ಟೆಯ ಹುಳಕ್ಕೆ ನಮ್ಮ ಎಕ್ಕದ ಬಳಗದ ಮಿಲ್ಕ್‌ವೀಡ್ ಜಾತಿಯ ಗಿಡಗಳೇ ಆಗಬೇಕು. ಕಾಳು ತಿನ್ನೋ ಹಕ್ಕಿಗಳಲ್ಲೂ ಎಷ್ಟೋ ಮರಿಗಳಿಗೆ ಹುಳಾನೇ ತಿನ್ನಿಸ್ತವೆ. ಎಲೆ ತೂತಾಗಿದೆ ಅಂತ ಔಷಧಿ ಹೊಡೆದ್ರೆ ಮರಿಗಳ ಊಟ ಕಿತ್ತುಕೊಂಡ ಹಾಗೆ. ಇಲಿ ಪಾಷಾಣನೂ ಅಷ್ಟೇ, ಸಾಯೋಕೆ ಎಷ್ಟೋ ಸಲ ಕೆಲವು ದಿನ ಹಿಡಿಯುತ್ತಲ್ಲ, ಅಷ್ಟರಲ್ಲಿ ಆ ಇಲೀನ ಗೂಬೆ ಹಿಡಿದು ತಿಂದ್ರೆ ವಿಷ ಗೂಬೆಗೂ ಹೋಗುತ್ತೆ.

ಇನ್ನು ಹುಲ್ಲು. ಹೂ ಬಿಟ್ಟು ಬೀಜ ಉದುರಿದ ಮೇಲೇ ಕೊಯ್ಯಿರಿ, ಪ್ರತಿವರ್ಷ ಮೂರರಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ಹಾಗೇ ನಿಂತಿರಲಿ. ಮಧ್ಯದಿಂದ ಶುರು ಮಾಡಿ ಹೊರಗೆ ಬನ್ನಿ, ಆಗ ಒಳಗಿರೋ ಮೊಲ, ಹಕ್ಕಿಮರಿ ಅಂಚಿನ ಕಡೆ ತಪ್ಪಿಸ್ಕೋತವೆ. ಅಂಚಿಂದ ಸುತ್ತುತ್ತಾ ಬಂದ್ರೆ ಎಲ್ಲಾ ನಡುವೆ ಸಿಕ್ಕಿಹಾಕ್ಕೊಂಡು ಬ್ಲೇಡಿಗೆ ಬೀಳ್ತವೆ. ಕೊಯ್ದ ಹುಲ್ಲು ಅಲ್ಲೇ ಬಿಡಬೇಡಿ, ಗೊಬ್ಬರಾನೂ ಹಾಕಬೇಡಿ. ಬೇಸಾಯದ ಅಭ್ಯಾಸ ಇರೋರಿಗೆ ಇದನ್ನ ಒಪ್ಪಿಸೋದೇ ಕಷ್ಟ, ಆದ್ರೆ ಮಣ್ಣು ಕೊಬ್ಬಿದಷ್ಟೂ ನಾಲ್ಕೈದು ಜೋರು ಹುಲ್ಲುಗಳೇ ಎದ್ದು ಸಣ್ಣ ಹೂಗಿಡಗಳನ್ನ ಮುಚ್ಚಿಬಿಡ್ತವೆ.

ಕೊಳ ಸಣ್ಣದಾದ್ರೂ ಸಾಕು, ಆದ್ರೆ ಒಂದು ದಡ ಇಳಿಜಾರಾಗಿರಲಿ, ನಿಂತ ಗೋಡೆ ಇದ್ರೆ ಬಿದ್ದ ಪ್ರಾಣಿ ಹತ್ತಿ ಬರಲ್ಲ. ಮೀನು ಬಿಡಬೇಡಿ. ಸೊಳ್ಳೆಮರಿ ತಿನ್ನಲಿ ಅಂತ ಗಂಬೂಸಿಯಾ ಅನ್ನೋ ಸಣ್ಣ ಮೀನು ಬಿಡ್ತಾರೆ, ಅದು ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತೆ.

ಒಣಮರ ದಾರಿಗೆ, ಮನೆಗೆ ಬೀಳೋ ಹಾಗಿಲ್ಲದಿದ್ರೆ ನಿಂತಿರಲಿ, ಮರಕುಟಿಗ ಕೊರೆದ ಪೊಟರೆಗೆ ಆಮೇಲೆ ಬೇರೆ ಹಕ್ಕಿಗಳೂ ಬಂದು ಸೇರ್ಕೋತವೆ. ತರಗೆಲೆ ಗುಡಿಸಿ ಸುಡಬೇಡಿ. ಬಿಸಿಲು ಬೀಳೋ ಬರಿಮಣ್ಣಿನ ತುಣುಕೂ ಅಲ್ಲಲ್ಲಿ ಇರಲಿ, ಯಾಕಂದ್ರೆ ಜೇನುಜಾತಿಯಲ್ಲಿ ಹೆಚ್ಚಿನವು ಒಂಟಿಯಾಗಿ ನೆಲದಲ್ಲೇ ಬಿಲ ತೋಡೋವು. ಬೇಲಿಯ ಕೆಳತಂತಿ ಮುಳ್ಳಿಲ್ಲದ್ದಾಗಿ ನೆಲದಿಂದ 40 ಸೆಂ.ಮೀ. ಮೇಲಿರಲಿ, ನುಸುಳಿ ಹೋಗೋವಕ್ಕೆ ದಾರಿ ಬೇಕಲ್ಲ. ರಾತ್ರಿಯಿಡೀ ಉರಿಯೋ ಬಿಳಿ ಎಲ್ಇಡಿ ತೆಗೆದುಹಾಕಿ, ಬೇಕೇ ಬೇಕಂದ್ರೆ ಸೆನ್ಸರ್ ಇರೋ ಹಳದಿ ಬಲ್ಬ್ ಹಾಕಿ.

ಇಷ್ಟಾದ ಮೇಲೂ ಬರದೇ ಇರೋ ಗಿಡ ಯಾವುದು ಅಂತ ಹತ್ತಿರದ ಹಳೇ ಕಾಡೋ ಬದುವೋ ನೋಡಿ ತಿಳ್ಕೊಂಡು, ಅಲ್ಲಿಂದ ಕೇಳಿ ಸ್ವಲ್ಪ ಬೀಜ ತಂದು ಅವನ್ನ ಮಾತ್ರ ನೆಡಿ. ನಾಲ್ಕು ಜಾಗಕ್ಕೆ ಗೂಟ ಹೊಡೆದು, ಪ್ರತಿವರ್ಷ ಅದೇ ತಿಂಗಳು, ಅದೇ ದಿಕ್ಕಿಗೆ ಫೋಟೋ ತೆಗೆದಿಡಿ, ಮುಂದಿನ ಸಲ ಯಾವ ಪಾಲು ಕೊಯ್ಬೇಕು ಅನ್ನೋದನ್ನ ಅದನ್ನ ನೋಡಿ ತೀರ್ಮಾನಿಸಬಹುದು.