ನೀರು ಕುಡಿದ ವಿಂಡ್‌ಸರ್ಫ್ ಬೋರ್ಡ್, ಮನೆಯಲ್ಲೇ ರಿಪೇರಿ

ಹಳೆಯ ವಿಂಡ್‌ಸರ್ಫಿಂಗ್ ಬೋರ್ಡ್ (ಹಾಯಿ ಸಿಕ್ಕಿಸಿ, ನಿಂತು ನೀರಿನ ಮೇಲೆ ಸಾಗುವ ಹಲಗೆ) ಕೊಳ್ಳುವವರು ಸಾಮಾನ್ಯವಾಗಿ ಮೂತಿಯ ಒಡಕು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ನಾನು ಮೊದಲು ತೂಕ ನೋಡುತ್ತೇನೆ. ಒಡಕು ಮುಚ್ಚುವುದು ಅಷ್ಟೇನೂ ಕಷ್ಟವಲ್ಲ. ಒಳಗೆ ಸೇರಿದ ನೀರನ್ನು ಹೊರಗೆ ತೆಗೆಯುವುದೇ ನಿಜವಾದ ಕೆಲಸ.

ನನ್ನದು ಸುಮಾರು 130 ಲೀಟರ್ ಗಾತ್ರದ, ಎರಡೂವರೆ ಮೀಟರ್ ಉದ್ದದ ಬೋರ್ಡ್. ಗೋವಾದಲ್ಲಿ ಒಬ್ಬರು ಮೂಲೆಗಿಟ್ಟಿದ್ದನ್ನು ಮೇ ತಿಂಗಳ ಕೊನೆಗೆ ಮಲ್ಪೆ ಹತ್ತಿರದ ನಮ್ಮ ಮನೆಗೆ ತಂದೆ. ಮಾಸ್ಟ್ (ಹಾಯಿಯ ಕಂಬ) ಬಿದ್ದು ಮೂತಿ ಒಡೆದಿತ್ತು. ಗಾಳಿಯ ಹೊಡೆತಕ್ಕೆ ಸವಾರ ಹಾಯಿಯ ಸಮೇತ ಮುಂದಕ್ಕೆ ಎಸೆಯಲ್ಪಟ್ಟಾಗ ಮಾಸ್ಟ್ ಮತ್ತು ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡ ಕೋಲು) ಹೋಗಿ ಬಡಿಯುವುದು ಅಲ್ಲಿಗೇ. ಹಾಗಾಗಿ ಹಳೆಯ ಬೋರ್ಡುಗಳಲ್ಲಿ ಮೂತಿ ಒಡೆದಿರುವುದು ಜಾಸ್ತಿ. ಹಿಂಬದಿಯಲ್ಲಿ, ಫಿನ್ (ತಳದ ರೆಕ್ಕೆ) ಕೂರುವ ಪೆಟ್ಟಿಗೆಯ ಸುತ್ತ ಕೂದಲೆಳೆಯಂಥ ಒಂದು ಬಿರುಕೂ ಇತ್ತು. ಮೀನು ಮಾರುವವರ ಬಳಿ ಇರುವ ಕೊಕ್ಕೆಯ ಡಿಜಿಟಲ್ ತಕ್ಕಡಿಗೆ ಹಗ್ಗ ಕಟ್ಟಿ ತೂಗಿದೆ. 10.9 ಕೆಜಿ. ಆ ಮಾಡೆಲ್ ಹೊಸದಿದ್ದಾಗ ಇರಬೇಕಾದದ್ದು 8.5 ಕೆಜಿ. ಅಂದರೆ ಎರಡು ಲೀಟರಿಗಿಂತ ಹೆಚ್ಚು ಸಮುದ್ರದ ನೀರು ಒಳಗಿತ್ತು.

ಇದು ಯಾಕೆ ಹೀಗೆ ಎಂದು ತಿಳಿಯಲು ಬೋರ್ಡಿನ ಒಳಗೇನಿದೆ ಎಂದು ಗೊತ್ತಿರಬೇಕು. ನಡುವೆ ಇರುವುದು ಥರ್ಮಾಕೋಲ್. ಅದರ ಮೇಲೆ ತೆಳು ಗ್ಲಾಸ್ ಬಟ್ಟೆ (ಗಾಜಿನ ಎಳೆಯಿಂದ ನೇಯ್ದದ್ದು), ಅದರ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಗಟ್ಟಿ ಪಿವಿಸಿ ಫೋಮ್, ಮತ್ತೆ ಗ್ಲಾಸ್ ಬಟ್ಟೆ. ಎಲ್ಲವನ್ನೂ ಹಿಡಿದಿಡುವುದು ಎಪಾಕ್ಸಿ, ಅಂದರೆ ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗುವ ಅಂಟು. ಈ ಸ್ಯಾಂಡ್‌ವಿಚ್‌ನಿಂದಲೇ ಬೋರ್ಡ್ ಅಷ್ಟು ಹಗುರ, ಅಷ್ಟು ಗಟ್ಟಿ. ಥರ್ಮಾಕೋಲಿನ ಮಣಿಗಳು ನೀರು ಹೀರುವುದು ಕಡಿಮೆ. ಆದರೆ ಮಣಿಗಳ ನಡುವಿನ ಸಂದಿಯಲ್ಲಿ ನೀರು ಮೆಲ್ಲಗೆ ಹರಡುತ್ತದೆ, ಹೊರಬರುವುದು ಇನ್ನೂ ಮೆಲ್ಲಗೆ.

ಮಳೆಗಾಲದಲ್ಲಿ ಕರಾವಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೋರ್ಡ್ ಎಲ್ಲಿ ಒಣಗುತ್ತದೆ? ಆ ತಿಂಗಳುಗಳಲ್ಲಿ ನಾನು ಮೀನುಗಾರಿಕಾ ಬೋಟುಗಳು ನಿಲ್ಲುವ ದಕ್ಕೆಗೆ ಹೋಗಿ ಕೆಲಸ ನೋಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟುಗಳ ರಿಪೇರಿಗೆ ಅದೇ ಕಾಲ. ಫೈಬರ್ ದೋಣಿಗೆ ಮ್ಯಾಟ್ (ಗಾಜಿನ ಎಳೆಯ ಹಾಳೆ) ಹಾಕುವವರ ಕೈಚಳಕ ಅಲ್ಲೇ ನೋಡಬೇಕು. ರೋಲರಿನಲ್ಲಿ ಗುಳ್ಳೆ ಓಡಿಸುವ ರೀತಿ, ಅಂಚನ್ನು ಇಳಿಜಾರಾಗಿ ಉಜ್ಜುವ ರೀತಿ, ಚಿಕ್ಕ ತುಂಡಿನ ಮೇಲೆ ದೊಡ್ಡ ತುಂಡು ಕೂರಿಸುವ ರೀತಿ, ಎಲ್ಲವನ್ನೂ ನಾನು ಕಲಿತದ್ದು ಅವರಿಂದ.

ಆದರೆ ಅವರ ರೆಸಿನ್ (ಮ್ಯಾಟಿಗೆ ಹಚ್ಚುವ, ಗಟ್ಟಿಯಾಗುವ ದ್ರವ) ನಮಗೆ ಆಗುವುದಿಲ್ಲ. ನಾನು ಬೋರ್ಡಿನ ವಿಷಯ ಹೇಳಿದಾಗ ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ಒಂದು ತುಂಡು ಥರ್ಮಾಕೋಲ್ ತೆಗೆದುಕೊಂಡು ಅದರ ಮೇಲೆ ಸ್ವಲ್ಪ ರೆಸಿನ್ ಸುರಿದರು. ನೋಡುತ್ತಿದ್ದಂತೆ ಅದು ಕುಸಿದು ಹೊಂಡವಾಯಿತು. "ನೋಡಿ ಮಾರಾಯ್ರೆ, ನಮ್ಮದು ಹಾಕಿದ್ರೆ ನಿಮ್ಮ ಬೋರ್ಡು ಒಳಗಿಂದಲೇ ಕರಗ್ತದೆ" ಎಂದರು. ದೋಣಿಗೆ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ಕರಗಿಸುತ್ತದೆ. ಇಂಥ ಬೋರ್ಡಿಗೆ ಎಪಾಕ್ಸಿ ಬಿಟ್ಟು ಬೇರೆ ಬೇಡ. ಊರಿನಲ್ಲಿ ಫೈಬರ್ ಕೆಲಸದವರು ಇದ್ದಾರೆಂದು ಸುಮ್ನೆ ಬೋರ್ಡನ್ನು ಅವರ ಕೈಗೆ ಕೊಟ್ಟುಬಿಡುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಡಿಸೆಂಬರಿನಲ್ಲಿ ಬೆಳಗಿನ ಗಾಳಿ ಘಟ್ಟದ ಕಡೆಯಿಂದ ಬೀಸತೊಡಗಿದ ಮೇಲೆ ಬೋರ್ಡನ್ನು ಬಿಚ್ಚಿದೆ. ಮೊದಲು ನಾಣ್ಯದಿಂದ ಇಡೀ ಬೋರ್ಡನ್ನು ತಟ್ಟುತ್ತಾ ಹೋದೆ. ಚೆನ್ನಾಗಿರುವ ಕಡೆ ಟಣ್ ಎಂದು ಗಟ್ಟಿ ಸದ್ದು. ಪದರ ಬಿಟ್ಟ ಕಡೆ, ನೀರಿರುವ ಕಡೆ ಬೊದ್ದು ಸದ್ದು. ಅಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಆಮೇಲೆ ಬಿರುಕುಗಳ ಮೇಲೆ ಸೋಪು ನೀರು ಹಚ್ಚಿ, ಗಾಳಿಯ ಸ್ಕ್ರೂ (ಒಳಗಿನ ಗಾಳಿಯ ಒತ್ತಡ ಬಿಡಲು ಬೋರ್ಡಿನಲ್ಲೇ ಇರುವ ಸ್ಕ್ರೂ) ತೆಗೆದು, ಆ ತೂತಿಗೆ ಪೈಪು ಇಟ್ಟು ಬಾಯಿಂದ ಊದಿದೆ. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ ಎಂದರ್ಥ. ಕಂಪ್ರೆಸರ್ ಮಾತ್ರ ಹಚ್ಚಬೇಡಿ. ಒತ್ತಡ ಜಾಸ್ತಿಯಾದರೆ ಚೆನ್ನಾಗಿದ್ದ ಪದರವೂ ಕಿತ್ತು ಬರುತ್ತದೆ. ಮೂತಿಯಲ್ಲಿ, ಫಿನ್ ಪೆಟ್ಟಿಗೆಯ ಪಕ್ಕದಲ್ಲಿ ಗುಳ್ಳೆ ಬಂತು. ಸ್ಕ್ರೂವಿನ ರಬ್ಬರ್ ಉಂಗುರವೂ ಬಿರಿದಿತ್ತು. ಅದಕ್ಕೆ ಹತ್ತು ರೂಪಾಯಿಯೂ ಆಗಲಿಕ್ಕಿಲ್ಲ. ಆದರೆ ಆ ದಾರಿಯಿಂದ ಒಳಹೋಗುವ ನೀರೇನೂ ಕಡಿಮೆಯಲ್ಲ.

ಮೂತಿಯ ಒಡೆದ ಭಾಗವನ್ನು ಅಂಗೈ ಅಗಲಕ್ಕೆ ಕತ್ತರಿಸಿ ತೆಗೆದೆ. ಒಳಗಿನ ಥರ್ಮಾಕೋಲ್ ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿತ್ತು. ಅಷ್ಟನ್ನೂ ಚಮಚದಿಂದ ಕೆರೆದೆ. ಉಪ್ಪು ಉಳಿದರೆ ಅದು ಮತ್ತೆ ತೇವ ಎಳೆಯುತ್ತದೆ, ಹಾಗಾಗಿ ಇಲ್ಲಿ ದಾಕ್ಷಿಣ್ಯ ಬೇಡ. ಆಮೇಲೆ ಮೂತಿ ಕೆಳಗಾಗಿ ಬೋರ್ಡನ್ನು ಚಾವಡಿಯ ಜಂತಿಗೆ ನೇತುಹಾಕಿ, ಗಾಳಿಯ ತೂತಿಗೆ ಮೀನಿನ ತೊಟ್ಟಿಯ ಚಿಕ್ಕ ಪಂಪಿನ ಪೈಪು ಸಿಕ್ಕಿಸಿದೆ. ಅದು ರಾತ್ರಿ ಹಗಲು ಮೆಲ್ಲಗೆ ಗಾಳಿ ತಳ್ಳುತ್ತದೆ, ಗಾಳಿ ಥರ್ಮಾಕೋಲಿನೊಳಗೆ ಸಾಗಿ ಮೂತಿಯ ಹೊಂಡದಿಂದ ಹೊರಬರುತ್ತದೆ. ಮೊದಲ ದಿನಗಳಲ್ಲಿ ಕೆಳಗಿಟ್ಟ ಬಟ್ಟಲಿಗೆ ನೀರು ತೊಟ್ಟಿಕ್ಕಿತು, ಆಮೇಲೆ ತೂಕವಷ್ಟೇ ಇಳಿಯುತ್ತಾ ಹೋಯಿತು. ಬೇಗ ಒಣಗಲಿ ಎಂದು ಬಿಸಿಲಿಗೆ ಇಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾದ ಬೋರ್ಡಿನೊಳಗೆ ಗಾಳಿ, ಆವಿ ಹಿಗ್ಗಿ ಪದರ ಎಬ್ಬಿಸುತ್ತವೆ, ಥರ್ಮಾಕೋಲೂ ಮೆತ್ತಗಾಗುತ್ತದೆ.

ವಾರಕ್ಕೊಮ್ಮೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಬಹಳ ದಿನ ಇಳಿದು ಇಳಿದು 8.8 ಕೆಜಿಗೆ ನಿಂತಿತು. ಮುಂದಿನ ವಾರವೂ ಅಷ್ಟೇ. ಅಲ್ಲಿಯವರೆಗೆ ಒಂದು ಹನಿ ಎಪಾಕ್ಸಿಯನ್ನೂ ಕಲಸಿರಲಿಲ್ಲ. ಈ ತಾಳ್ಮೆ ಇಲ್ಲದೆ ತೇಪೆ ಹಾಕಿದರೆ ನೀರನ್ನು ಒಳಗೆ ಬೀಗ ಹಾಕಿ ಇಟ್ಟಂತೆ, ಅಲ್ವಾ?

ತುಂಬುವ ಕೆಲಸಕ್ಕೆ ಬಂದೆ. ದೊಡ್ಡ ಹೊಂಡಕ್ಕೆ ಬರೀ ಎಪಾಕ್ಸಿ ಸುರಿಯಬಾರದು. ಭಾರವಾಗುವುದು ಒಂದು ಕಡೆ, ದಪ್ಪಗೆ ನಿಂತ ಎಪಾಕ್ಸಿ ಗಟ್ಟಿಯಾಗುವಾಗ ಬಿಸಿಯಾಗಿ ಸುತ್ತಲಿನ ಥರ್ಮಾಕೋಲನ್ನು ಸುಟ್ಟುಬಿಡುತ್ತದೆ. ಡಬ್ಬಿಯಿಂದ ಉಬ್ಬಿ ಬರುವ ಫೋಮ್ ಕೂಡ ನನಗೆ ಇಷ್ಟವಿಲ್ಲ, ಅದು ಉಬ್ಬುತ್ತಲೇ ಹೋಗಿ ಪದರ ಎತ್ತಬಹುದು. ನಾನು ಒತ್ತಾದ ಥರ್ಮಾಕೋಲಿನ ತುಂಡನ್ನು ಹೊಂಡದ ಅಳತೆಗೆ ಕೆತ್ತಿ, ಎಪಾಕ್ಸಿಗೆ ಮೈಕ್ರೋಬಲೂನ್ ಪುಡಿ (ಟೊಳ್ಳಾದ ಅತಿ ಸಣ್ಣ ಗುಂಡುಗಳ ಹಗುರ ಪುಡಿ) ಬೆರೆಸಿ ಶ್ರೀಖಂಡದ ಹದಕ್ಕೆ ತಂದು ಅಂಟಿಸಿದೆ. ಅದು ಗಟ್ಟಿಯಾದ ಮೇಲೆ ಪದರಗಳನ್ನು ಮೊದಲಿದ್ದ ಕ್ರಮದಲ್ಲೇ ಕೂರಿಸಿದೆ: ಗ್ಲಾಸ್ ಬಟ್ಟೆ, ಪಿವಿಸಿ ಫೋಮ್, ಮತ್ತೆ ಗ್ಲಾಸ್ ಬಟ್ಟೆ. ಮೂತಿ ಮತ್ತೆ ಪೆಟ್ಟು ತಿನ್ನುವ ಜಾಗವಾದ್ದರಿಂದ ಹೊರಗೆ ಒಂದು ಪದರ ಹೆಚ್ಚು. ಸುತ್ತ ನಾಲ್ಕೈದು ಸೆಂಟಿಮೀಟರ್ ಬಣ್ಣ ತೆಗೆದು, ಹಳೆಯ ಬಟ್ಟೆಯ ನೇಯ್ಗೆ ಕಾಣುವವರೆಗೆ 80ರ ಒರಟು ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ್ದೆ. ಹೊಸದು ಹಿಡಿದುಕೊಳ್ಳುವುದು ಅಲ್ಲಿಗೇ.

ಎಪಾಕ್ಸಿ ಕಲಸುವಾಗ ದಕ್ಕೆಯ ಅಭ್ಯಾಸ ಬಿಡಬೇಕು. ಪಾಲಿಯೆಸ್ಟರಿಗೆ ಹಾರ್ಡನರ್ ಸ್ವಲ್ಪ ಹೆಚ್ಚಿಸಿದರೆ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಯಲ್ಲಿ ಹಾಗಿಲ್ಲ. ಡಬ್ಬಿಯ ಮೇಲೆ ಬರೆದ ಪ್ರಮಾಣ ತಪ್ಪಿದರೆ ಅದು ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಗ್ರಾಂ ಲೆಕ್ಕದ ತಕ್ಕಡಿಯಲ್ಲಿ ತೂಗಿಯೇ ಕಲಸಿ. ನಮ್ಮ ಸೆಖೆಗೆ ನಿಧಾನದ ಹಾರ್ಡನರ್ ಒಳ್ಳೆಯದು. ಕಲಸಿದ್ದನ್ನು ಲೋಟದಲ್ಲಿ ಬಿಡದೆ ಅಗಲ ತಟ್ಟೆಗೆ ಸುರಿದರೆ ಇನ್ನಷ್ಟು ಸಮಯ ಸಿಗುತ್ತದೆ.

ಹೊತ್ತು ಕೂಡ ಮುಖ್ಯ. ಬೆಳಿಗ್ಗೆ ಹಚ್ಚಿದರೆ ಹೊತ್ತೇರಿದಂತೆ ಫೋಮಿನೊಳಗಿನ ಗಾಳಿ ಹಿಗ್ಗಿ, ಹಸಿ ಎಪಾಕ್ಸಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ನಾನು ಹಚ್ಚಿದ್ದು ಸಂಜೆ. ತಾಪ ಇಳಿಯುವಾಗ ಒಳಗಿನ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೂತಿಯ ಬಾಗಿಗೆ ಬಟ್ಟೆ ಅಂಟಿಕೊಂಡೇ ಇರಲಿ ಎಂದು ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಸೂಜಿಯಿಂದ ತೂತು ಚುಚ್ಚಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಬಿಗಿದೆ. ಹೆಚ್ಚಿನ ಎಪಾಕ್ಸಿ ತೂತಿನಿಂದ ಹೊರಗೆ ಬಂತು. ಸಂಜೆಯ ತೇವಕ್ಕೆ ಮೇಲೆ ಜಿಡ್ಡಿನ ಪದರ ಕಟ್ಟಬಹುದು. ಉಜ್ಜುವ ಮೊದಲು ಅದನ್ನು ನೀರು ಮತ್ತು ಪಾತ್ರೆ ತಿಕ್ಕುವ ಸ್ಕ್ರಬ್ಬರಿನಿಂದ ತೊಳೆದರೆ ಸಾಕು.

ಕೈಗವಸು ಮತ್ತು ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಎಪಾಕ್ಸಿ ಮೈಗೆ ತಾಗುತ್ತಿದ್ದರೆ ಒಂದು ದಿನ ಅಲರ್ಜಿ ಶುರುವಾಗಬಹುದು, ಶುರುವಾದರೆ ಹೋಗುವುದಿಲ್ಲ. ಗ್ಲಾಸ್ ಪುಡಿ ತಾಗಿದ ಕಡೆ ತಣ್ಣೀರಿನಲ್ಲೇ ತೊಳೆಯಿರಿ.

ಫಿನ್ ಪೆಟ್ಟಿಗೆಯ ಬಿರುಕನ್ನು ವಿ ಆಕಾರಕ್ಕೆ ಕೊರೆದು, ತುಂಬಿ, ಗ್ಲಾಸ್ ಪಟ್ಟಿ ಹಾಕಿದೆ. ಬಣ್ಣ ಮಾತ್ರ ಬಿಡುವಂತಿಲ್ಲ, ಬಿಸಿಲು ಎಪಾಕ್ಸಿಯನ್ನು ಹಾಳುಮಾಡುತ್ತದೆ. ಕಾರಿಗೆ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್ ಸಾಕು. ಕಾಲು ಜಾರದಂತೆ ಮಾಡಲು ಹಸಿ ಬಣ್ಣದ ಮೇಲೆ ಸಕ್ಕರೆ ಉದುರಿಸಿ, ಬಣ್ಣ ಒಣಗಿದ ಮೇಲೆ ತೊಳೆದೆ. ಸಕ್ಕರೆ ಕರಗಿ ತರಿತರಿ ಉಳಿಯಿತು. ಮರಳಿಗಿಂತ ಇದೇ ಒಳ್ಳೆಯದು, ಮೊಣಕಾಲು ತರಚುವುದಿಲ್ಲ.

ಎಲ್ಲ ಮುಗಿದಾಗ ತೂಕ 9.2 ಕೆಜಿ. ಕೋಡಿಬೇಂಗ್ರೆಯ ಅಳಿವೆಯಲ್ಲಿ ಮಧ್ಯಾಹ್ನದ ಕಡಲ ಗಾಳಿಗೆ ಹಾಯಿ ಏರಿಸಿ, ಸಂಜೆ ಬಂದು ಒರೆಸಿ ಮತ್ತೆ ತೂಗಿದೆ. 9.2. ಈಗಲೂ ಪ್ರತಿ ಸಲ ದಡಕ್ಕೆ ಬಂದ ಕೂಡಲೇ ಗಾಳಿಯ ಸ್ಕ್ರೂ ಸಡಿಲಿಸುತ್ತೇನೆ, ನೀರಿಗಿಳಿಯುವ ಮುನ್ನ ಬಿಗಿಯುತ್ತೇನೆ. ಕಾರಿನ ಮೇಲೆ ಕಟ್ಟಿ ಬಿಸಿಲಲ್ಲಿ ತರುವಾಗ ಆ ಸ್ಕ್ರೂ ಮುಚ್ಚಿದ್ದರೆ, ಒಳಗೆ ಹಿಗ್ಗಿದ ಗಾಳಿ ಇಷ್ಟೆಲ್ಲ ಮಾಡಿದ ಪದರವನ್ನು ಎಬ್ಬಿಸಿಬಿಡಬಹುದು. ತಿಂಗಳಿಗೊಮ್ಮೆ ತೂಗುವುದನ್ನೂ ಬಿಟ್ಟಿಲ್ಲ. ನೂರು ಗ್ರಾಂ ಏರಿದರೂ ಮತ್ತೆ ಸೋಪು ನೀರು ಹಚ್ಚಿ ನೋಡುತ್ತೇನೆ.